ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (18 ನವೆಂಬರ್ 1888 – 28 ಫೆಬ್ರವರಿ 1989) ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಯೋಗಾಚಾರ್ಯರು, ಸಂಸ್ಕೃತ ವಿದ್ವಾಂಸರು ಹಾಗೂ ಆಯುರ್ವೇದ ಚಿಕಿತ್ಸಕರು. ಚಿತ್ರದುರ್ಗ ಜಿಲ್ಲೆಯಲ್ಲಿ ಜನಿಸಿದ ಇವರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಸುಮಾರು ಹದಿನೇಳು ವರ್ಷ ಬೋಧಿಸಿದರು. ಬಿ. ಕೆ. ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್, ಇಂದ್ರಾದೇವಿ ಮತ್ತು ಟಿ. ಕೆ. ವಿ. ದೇಶಿಕಾಚಾರ್ ಇವರ ಪ್ರಮುಖ ಶಿಷ್ಯರು. ಇಂದು ಜಗತ್ತಿನ ನಾನಾ ದೇಶಗಳಲ್ಲಿ ಅಭ್ಯಾಸದಲ್ಲಿರುವ ಆಸನಪ್ರಧಾನ ಯೋಗದ ಬಹುಪಾಲು ಈ ಶಿಷ್ಯರ ಮೂಲಕ ಹರಡಿದ್ದು. ಈ ಕಾರಣದಿಂದ ಕೃಷ್ಣಮಾಚಾರ್ಯರನ್ನು ಆಧುನಿಕ ಯೋಗದ ಪಿತಾಮಹರೆಂದು ಕರೆಯುವುದುಂಟು.

ಉಸಿರಾಟದೊಂದಿಗೆ ಚಲನೆಯನ್ನು ಜೋಡಿಸಿ, ಒಂದು ಆಸನದಿಂದ ಇನ್ನೊಂದಕ್ಕೆ ನೆಗೆತದ ಮೂಲಕ ಸಾಗುವ ವಿನ್ಯಾಸ ಪದ್ಧತಿಯನ್ನು ಇವರು ಮೈಸೂರಿನಲ್ಲಿ ರೂಢಿಗೆ ತಂದರು. ಈ ನೆಗೆತಗಳು ಪ್ರಾಚೀನ ಯೋಗದಿಂದ ಬಂದವೋ, ಜಿಮ್ನಾಸ್ಟಿಕ್ಸ್ ಮತ್ತು ಗರಡಿಯ ಸಾಧನೆಯಿಂದ ಬಂದವೋ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಲ್ಲಿರುವ ವಿಷಯ.

ಜನನ ಮತ್ತು ಬಾಲ್ಯ

ಕೃಷ್ಣಮಾಚಾರ್ಯರು 1888ರ ನವೆಂಬರ್ 18ರಂದು ಅಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮ. ಆರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಐದನೆಯ ವಯಸ್ಸಿನಲ್ಲಿ ಉಪನಯನವಾಯಿತು. ಸಂಸ್ಕೃತದ ಮೊದಲ ಪಾಠಗಳು ತಂದೆಯವರಿಂದಲೇ ದೊರೆತವು. ಕೆಲವು ಆಸನಗಳನ್ನೂ ತಂದೆಯವರೇ ಕಲಿಸಿದರೆಂದು ಇವರ ಜೀವನಚರಿತ್ರೆಕಾರರು ಬರೆದಿದ್ದಾರೆ.

ಹತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿನ ಪರಕಾಲ ಮಠದ ಪೀಠದಲ್ಲಿ ಇವರ ಮುತ್ತಜ್ಜನ ಸಂಬಂಧದ ಹಿರಿಯರಿದ್ದರು. ಹೀಗಾಗಿ ಮಠದಲ್ಲಿಯೂ ಸಂಸ್ಕೃತ ಪಾಠಶಾಲೆಯಲ್ಲಿಯೂ ಬಾಲಕನ ವಿದ್ಯಾಭ್ಯಾಸ ಮುಂದುವರಿಯಿತು. ವ್ಯಾಕರಣ, ತರ್ಕ ಮತ್ತು ವೇದಾಂತ ಇವರ ಮುಖ್ಯ ವಿಷಯಗಳಾಗಿದ್ದವು.

ಉನ್ನತ ವಿದ್ಯಾಭ್ಯಾಸ

1906ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಕೃಷ್ಣಮಾಚಾರ್ಯರು ಕಾಶಿಗೆ ಹೋಗಿ ಶಿವಕುಮಾರ ಶಾಸ್ತ್ರಿಗಳೆಂಬ ಪ್ರಖ್ಯಾತ ವೈಯಾಕರಣರ ಬಳಿ ಅಧ್ಯಯನ ಮಾಡಿದರು. 1909ರಲ್ಲಿ ಮೈಸೂರಿಗೆ ಮರಳಿ ಪರಕಾಲ ಮಠದಲ್ಲಿ ವೇದಾಂತವನ್ನು ಓದಿದರು. ಇದೇ ಕಾಲದಲ್ಲಿ ವೀಣಾವಾದನವನ್ನೂ ಕಲಿತರು. 1914ರಲ್ಲಿ ಮತ್ತೆ ಕಾಶಿಗೆ ತೆರಳಿದರು. ಮನೆಯಿಂದ ಹಣದ ನೆರವು ಇರಲಿಲ್ಲವಾದ್ದರಿಂದ ಭಿಕ್ಷಾನ್ನದಿಂದ ಜೀವಿಸುತ್ತ ಓದಬೇಕಾಯಿತು. ಗಂಗಾನಾಥ ಝಾ ಮೊದಲಾದ ವಿದ್ವಾಂಸರ ಸಂಪರ್ಕ ದೊರೆತದ್ದು ಈ ಅವಧಿಯಲ್ಲಿ. ಆರು ದರ್ಶನಗಳಲ್ಲಿಯೂ ಇವರು ಪಾಂಡಿತ್ಯ ಗಳಿಸಿದರು. ಆಯುರ್ವೇದವನ್ನೂ ಅಭ್ಯಾಸ ಮಾಡಿದರು.

ಹಿಮಾಲಯದಾಚೆ ಮಾನಸ ಸರೋವರದ ಸಮೀಪದ ಗುಹೆಯೊಂದರಲ್ಲಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಬಳಿ ಏಳೂವರೆ ವರ್ಷ ಯೋಗಾಭ್ಯಾಸ ಮಾಡಿದ್ದಾಗಿ ಕೃಷ್ಣಮಾಚಾರ್ಯರು ಶಿಷ್ಯರಿಗೆ ಹೇಳುತ್ತಿದ್ದರು. ಸಂಸಾರಿಯಾಗಿ ಬಾಳಿ ಯೋಗವನ್ನು ಕಲಿಸಬೇಕೆಂಬುದೇ ಆ ಗುರುಗಳು ಕೇಳಿದ ದಕ್ಷಿಣೆ ಎಂಬುದು ಶಿಷ್ಯಪರಂಪರೆಯ ನಂಬಿಕೆ. ಈ ಏಳೂವರೆ ವರ್ಷಗಳು ಇವರ ವ್ಯಾಸಂಗದ ಇತರ ದಿನಾಂಕಗಳೊಂದಿಗೆ ಸುಲಭವಾಗಿ ಹೊಂದುವುದಿಲ್ಲವೆಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ.

ಮೈಸೂರಿಗೆ ಮರಳಿಕೆ

1925ರಲ್ಲಿ ಕೃಷ್ಣಮಾಚಾರ್ಯರು ನಾಮಗಿರಿಯಮ್ಮನವರನ್ನು ವಿವಾಹವಾದರು. ಇವರು ಮುಂದೆ ಯೋಗಾಚಾರ್ಯರಾಗಿ ಹೆಸರಾದ ಬಿ. ಕೆ. ಎಸ್. ಅಯ್ಯಂಗಾರರ ಅಕ್ಕ. ಆರು ಶಾಸ್ತ್ರಗಳನ್ನು ಓದಿದ್ದರೂ ಯೋಗವನ್ನು ಕಲಿಸಿ ಸಂಸಾರ ನಡೆಸುವುದು ಆ ಕಾಲದಲ್ಲಿ ಸುಲಭವಿರಲಿಲ್ಲ. ಕೆಲಕಾಲ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿದರು. ಬಿಡುವಿದ್ದಾಗ ಊರೂರಿಗೆ ಹೋಗಿ ಉಪನ್ಯಾಸ ನೀಡಿ ಆಸನಗಳ ಪ್ರಾತ್ಯಕ್ಷಿಕೆ ನಡೆಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಇಂಥದೊಂದು ಪ್ರಾತ್ಯಕ್ಷಿಕೆಯನ್ನು ಸಮೀಪದ ಕೌಶಿಕ ಗ್ರಾಮದ ಹುಡುಗನೊಬ್ಬ ನೋಡಿದ. ಗುರುಗಳು ಒಂದು ಆಸನದಿಂದ ಮತ್ತೊಂದಕ್ಕೆ ಹಗುರವಾಗಿ ನೆಗೆಯುತ್ತಿದ್ದ ಬಗೆಗೆ ಮಾರುಹೋಗಿ ಮರುದಿನವೇ ಶಿಷ್ಯನಾದ. ಆ ಹುಡುಗನೇ ಮುಂದಿನ ಕೆ. ಪಟ್ಟಾಭಿ ಜೋಯಿಸ್.

ಮೈಸೂರಿನ ಅಂದಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು (1884–1940). ಶಿಕ್ಷಣ, ಸಂಗೀತ, ಕೈಗಾರಿಕೆಗಳಂತೆ ದೇಹಸಾಧನೆಗೂ ಇವರು ಉದಾರವಾಗಿ ಪ್ರೋತ್ಸಾಹ ನೀಡುತ್ತಿದ್ದರು. ಸ್ವತಃ ಅನಾರೋಗ್ಯದಿಂದ ಬಳಲುತ್ತಿದ್ದ ಮಹಾರಾಜರು ಕೃಷ್ಣಮಾಚಾರ್ಯರ ವಿದ್ವತ್ತು ಹಾಗೂ ಚಿಕಿತ್ಸಾಕೌಶಲವನ್ನು ಮೆಚ್ಚಿ ಮೈಸೂರಿಗೆ ಬರಮಾಡಿಕೊಂಡರು. 1931ರ ಸುಮಾರಿಗೆ ಸಂಸ್ಕೃತ ಪಾಠಶಾಲೆಯಲ್ಲಿ ಬೋಧಿಸಲು ಇವರಿಗೆ ಅವಕಾಶವಾಯಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಪ್ರತ್ಯೇಕ ಯೋಗಶಾಲೆ ಆರಂಭವಾಯಿತು.

ಜಗನ್ಮೋಹನ ಅರಮನೆಯ ಯೋಗಶಾಲೆ

ಯೋಗಶಾಲೆಗೆ ದೊರೆತ ಕೊಠಡಿ ಅದಕ್ಕೆ ಮೊದಲು ಅರಮನೆಯ ಜಿಮ್ನಾಸ್ಟಿಕ್ಸ್ ಶಾಲೆಯಾಗಿತ್ತು. ಇಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರಾಜಬಂಧುಗಳಾದ ಅರಸು ಮನೆತನಗಳ ಬಾಲಕರು ಮತ್ತು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು. ಅರಮನೆಯ ಆವರಣದಲ್ಲಿಯೇ ಮತ್ತೊಂದೆಡೆ ವ್ಯಾಯಾಮ ತರಗತಿಗಳು ನಡೆಯುತ್ತಿದ್ದವು. ಬೆಂಗಳೂರಿನ ಹೆಸರಾಂತ ವ್ಯಾಯಾಮಾಚಾರ್ಯರೂ ಕಾದಂಬರಿಕಾರರೂ ಆದ ಕೆ. ವಿ. ಅಯ್ಯರ್ ಅವರ ಶಿಷ್ಯರು ಅಲ್ಲಿ ದೇಹದಾರ್ಢ್ಯವನ್ನೂ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ಅಂದರೆ, ಇಂದು ಯೋಗತರಗತಿಯ ಮೊದಲ ಪಾಠವೆನಿಸಿರುವ ಸೂರ್ಯನಮಸ್ಕಾರ ಆಗ ಮೈಸೂರಿನಲ್ಲಿ ಯೋಗಕ್ಕೆ ಹೊರತಾದ ವ್ಯಾಯಾಮವೆಂದು ಎಣಿಕೆಯಾಗುತ್ತಿತ್ತು.

ಯೋಗದ ಬಗ್ಗೆ ಜನರಲ್ಲಿ ಆಸಕ್ತಿ ಮೂಡಿಸುವ ಉದ್ದೇಶದಿಂದ ಮಹಾರಾಜರು ಕೃಷ್ಣಮಾಚಾರ್ಯರನ್ನೂ ಶಿಷ್ಯರನ್ನೂ ಬೇರೆ ಬೇರೆ ಊರುಗಳಿಗೆ ಕಳುಹಿಸುತ್ತಿದ್ದರು. ಪ್ರದರ್ಶನಗಳಲ್ಲಿ ನೋಡುಗರನ್ನು ಬೆರಗುಗೊಳಿಸುವ ಕಠಿಣ ಆಸನಗಳಿಗೆ ಪ್ರಾಶಸ್ತ್ಯವಿತ್ತು. ಫ್ರಾನ್ಸಿನ ಹೃದಯರೋಗತಜ್ಞೆ ತೆರೆಸ್ ಬ್ರಾಸ್ ಅವರು 1930ರ ದಶಕದ ಮಧ್ಯದಲ್ಲಿ ಭಾರತಕ್ಕೆ ಬಂದಾಗ ಕೃಷ್ಣಮಾಚಾರ್ಯರ ಹೃದಯಬಡಿತವನ್ನು ಉಪಕರಣಗಳಿಂದ ಪರೀಕ್ಷಿಸಿದರು. 1938ರಲ್ಲಿ ಕೃಷ್ಣಮಾಚಾರ್ಯರು, ಅವರ ಕುಟುಂಬದವರು ಮತ್ತು ಅಯ್ಯಂಗಾರರು ಆಸನಗಳನ್ನು ಮಾಡುವ ಮೂಕಿ ಚಲನಚಿತ್ರವನ್ನು ತೆಗೆಯಲಾಯಿತು. ಆ ಕಾಲದ ಅಭ್ಯಾಸಕ್ರಮವನ್ನು ಕಣ್ಣಾರೆ ನೋಡಲು ಇದೊಂದು ಅಮೂಲ್ಯ ದಾಖಲೆ.

ಕೃಷ್ಣಮಾಚಾರ್ಯರು ಕಟ್ಟುನಿಟ್ಟಿನ ಗುರುಗಳು. ಶಿಸ್ತಿನ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ, ಸಿಟ್ಟೂ ತೀವ್ರವಾಗಿತ್ತು. 1934ರಲ್ಲಿ ಭಾವನ ಮನೆಗೆ ಬಂದ ಅಯ್ಯಂಗಾರರು ಆಗ ಹದಿನೈದು ವರ್ಷದ, ಕಾಯಿಲೆಗಳಿಂದ ಸೊರಗಿದ್ದ ಹುಡುಗ. ಗಣ್ಯರ ಮುಂದಿನ ಒಂದು ಪ್ರದರ್ಶನದಲ್ಲಿ ಗುರುಗಳು ಹಠಾತ್ತನೆ ಹನುಮಾನಾಸನ ಮಾಡುವಂತೆ ಆಜ್ಞಾಪಿಸಿದ ಸಂಗತಿಯನ್ನು ಅವರು ಮುಂದೆ ಹಲವು ಬಾರಿ ನೆನೆದಿದ್ದಾರೆ. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೇರವಾಗಿ ಚಾಚಿ ನೆಲಕ್ಕೆ ಕೂರುವ ಈ ಆಸನವನ್ನು ಅಯ್ಯಂಗಾರರು ಅದಕ್ಕೆ ಮೊದಲು ಮಾಡಿರಲಿಲ್ಲ. ಚಡ್ಡಿ ಬಿಗಿಯಾಗಿದೆಯೆಂಬ ನೆಪವೂ ನಡೆಯಲಿಲ್ಲ. ಗುರುಗಳು ಕತ್ತರಿ ತರಿಸಿ ಅದನ್ನು ಕತ್ತರಿಸಿದರು. ಆಸನವೇನೋ ಪೂರ್ಣಗೊಂಡಿತು. ಆದರೆ ತೊಡೆಯ ಹಿಂಭಾಗದ ಸ್ನಾಯುಗಳು ಹರಿದು, ಬಹುಕಾಲ ಸರಿಯಾಗಿ ನಡೆಯಲು ಕಷ್ಟವಾಯಿತು. ಯೋಗಶಾಲೆಯ ಪ್ರದರ್ಶನಗಳ ಹಿಂದಿನ ದೈಹಿಕ ಶ್ರಮ ಎಂಥದಾಗಿತ್ತು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ವಿನ್ಯಾಸ ಪದ್ಧತಿ

ವಿನ್ಯಾಸವೆಂದರೆ ಕ್ರಮಬದ್ಧ ಜೋಡಣೆ. ಕೃಷ್ಣಮಾಚಾರ್ಯರ ಬೋಧನೆಯಲ್ಲಿ ಒಂದು ಆಸನವೆಂದರೆ ಅದರ ಅಂತಿಮ ಭಂಗಿ ಮಾತ್ರವಲ್ಲ. ನಿಂತ ಸ್ಥಿತಿಯಿಂದ ಹೊರಟು ಆ ಭಂಗಿಯನ್ನು ತಲುಪಿ, ಮತ್ತೆ ನಿಂತ ಸ್ಥಿತಿಗೆ ಮರಳುವವರೆಗಿನ ಎಲ್ಲ ಹೆಜ್ಜೆಗಳೂ ಆಸನದ ಅಂಗಗಳೇ. ಪ್ರತಿ ಹೆಜ್ಜೆಗೂ ಎಣಿಕೆಯಿದೆ. ಯಾವ ಹೆಜ್ಜೆಯಲ್ಲಿ ಉಸಿರನ್ನು ತೆಗೆದುಕೊಳ್ಳಬೇಕು, ಯಾವುದರಲ್ಲಿ ಬಿಡಬೇಕು ಎಂಬ ನಿಯಮವಿದೆ. ಉದಾಹರಣೆಗೆ, ಪಶ್ಚಿಮೋತ್ತಾನಾಸನದ ಮೊದಲ ಕ್ರಮಕ್ಕೆ 16 ವಿನ್ಯಾಸಗಳನ್ನು ಇವರು ಹೇಳಿದ್ದಾರೆ.

ಈ ಎಣಿಕೆಯಲ್ಲಿ ಎರಡು ನೆಗೆತಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು, ಮುಂದೆ ಬಾಗಿ ಅಂಗೈಗಳನ್ನು ನೆಲಕ್ಕೂರಿದ ಉತ್ತಾನಾಸನದಿಂದ ಕಾಲುಗಳನ್ನು ಒಮ್ಮೆಗೇ ಹಿಂದಕ್ಕೆ ಎಸೆದು ಚತುರಂಗ ದಂಡಾಸನಕ್ಕೆ ಹೋಗುವುದು. ಎರಡನೆಯದು, ಅಧೋಮುಖ ಶ್ವಾನಾಸನದಿಂದ ಕಾಲುಗಳನ್ನು ಎರಡು ಕೈಗಳ ನಡುವೆ ತೂರಿಸಿ ಕುಳಿತ ಸ್ಥಿತಿಗೆ ಬರುವುದು. ಎರಡರಲ್ಲಿಯೂ ಕ್ಷಣಕಾಲ ಇಡೀ ದೇಹದ ಭಾರ ಅಂಗೈಗಳ ಮೇಲೆ ನಿಲ್ಲುತ್ತದೆ.

ನೆಗೆತದಲ್ಲಿ ಕಾಲುಗಳ ಪಾತ್ರ

ಹೊರನೋಟಕ್ಕೆ ಇದು ತೋಳಿನ ಬಲದ ಕೆಲಸದಂತೆ ಕಂಡರೂ ನೆಗೆತದ ಸಫಲತೆ ಬಹುಮಟ್ಟಿಗೆ ದೇಹದ ಕೆಳಭಾಗವನ್ನು ಅವಲಂಬಿಸಿದೆ. ಭುಜಗಳು ಮಣಿಕಟ್ಟಿಗಿಂತ ಸ್ವಲ್ಪ ಮುಂದಕ್ಕೆ ಬಂದಾಗ ದೇಹದ ಗುರುತ್ವಕೇಂದ್ರ ಅಂಗೈಗಳ ಮೇಲಕ್ಕೆ ಸರಿಯುತ್ತದೆ. ಆಗ ಸೊಂಟದ ಮುಂಭಾಗದ ಸ್ನಾಯುಗಳು ತೊಡೆಗಳನ್ನು ಎದೆಯತ್ತ ಸೆಳೆಯುತ್ತವೆ, ಮಂಡಿಗಳು ಮಡಚಿಕೊಳ್ಳುತ್ತವೆ. ಕಾಲುಗಳು ಚಾಚಿಕೊಂಡಿದ್ದರೆ ಅವುಗಳ ಭಾರ ಭುಜದಿಂದ ದೂರವಿದ್ದು ಎತ್ತಲು ಹೆಚ್ಚು ಬಲ ಬೇಕು. ಮಡಚಿ ಹತ್ತಿರ ತಂದರೆ ಅದೇ ಭಾರವನ್ನು ಕಡಿಮೆ ಬಲದಿಂದ ಎತ್ತಬಹುದು. ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕೊಡಕ್ಕಿಂತ ಗಿಡ್ಡ ಕೋಲಿಗೆ ಕಟ್ಟಿದ ಕೊಡವನ್ನು ಎತ್ತುವುದು ಸುಲಭವಾಗುವುದು ಇದೇ ಕಾರಣಕ್ಕೆ.

ಕಾಲುಗಳನ್ನು ಕೈಗಳ ನಡುವೆ ತೂರಿಸುವಾಗ ಈ ಮಡಚುವಿಕೆ ಇನ್ನೂ ಮುಖ್ಯ. ತೋಳಿನ ಉದ್ದ ಹೆಚ್ಚುವುದಿಲ್ಲವಾದ್ದರಿಂದ ಕಾಲುಗಳು ಆ ಕಿರಿದಾದ ಎಡೆಯಲ್ಲಿ ನೆಲಕ್ಕೆ ತಾಗದೆ ಹಾಯಬೇಕು. ತೊಡೆಯ ಹಿಂಭಾಗದ ಸ್ನಾಯುಗಳೂ ಬೆನ್ನಿನ ಕೆಳಭಾಗವೂ ಬಿಗಿಯಾಗಿದ್ದರೆ ತೊಡೆಗಳು ಎದೆಗೆ ಹತ್ತಿರ ಬರುವುದಿಲ್ಲ. ಬಾಲಕರಿಗೆ ಸುಲಭವಾಗುವ ಈ ನೆಗೆತ ನಡುವಯಸ್ಸಿನವರಿಗೆ ಕಷ್ಟವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಕೊನೆಯಲ್ಲಿ ಪಾದಗಳು ನೆಲ ಮುಟ್ಟುವಾಗ ಸದ್ದಾಗಬಾರದು. ಹಿಂದಕ್ಕೆ ನೆಗೆದಾಗ ಕಾಲ್ಬೆರಳುಗಳು ಮೊದಲು ತಾಗಿ, ಮೊಣಕೈಗಳು ಬಾಗಿ, ಭಾರ ನಿಧಾನವಾಗಿ ಇಳಿಯಬೇಕು. ಉಸಿರಿನ ಲಯಕ್ಕೆ ನೆಗೆತವನ್ನು ಕಟ್ಟಿಹಾಕಿದ್ದರಿಂದ ವೇಗಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ.

ಜಿಮ್ನಾಸ್ಟಿಕ್ಸಿನ ಲಾಗಗಳೊಂದಿಗೆ ಹೋಲಿಸಿದಾಗ ಸಾಮ್ಯವೂ ಭೇದವೂ ಸ್ಪಷ್ಟವಾಗುತ್ತವೆ. ನೆಲದ ಮೇಲಿನ ಜಿಮ್ನಾಸ್ಟಿಕ್ಸಿನಲ್ಲಿ ಕ್ರೀಡಾಪಟು ಓಡಿಬಂದು, ಕೈಯೂರಿ ತಿರುಗಿ, ಹಿಮ್ಮುಖವಾಗಿ ಪಲ್ಟಿ ಹೊಡೆದು ಗಾಳಿಗೆ ಏರುತ್ತಾನೆ. ಏರುವ ಮುನ್ನ ಪಾದಗಳು ನೆಲದ ಮೇಲಿರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ರಬ್ಬರಿನಂತೆ ಹಿಗ್ಗಿ ಮತ್ತೆ ಸೆಳೆದುಕೊಳ್ಳುತ್ತದೆ. ಸೊಂಟ, ಮಂಡಿ ಮತ್ತು ಕಣಕಾಲಿನ ಕೀಲುಗಳು ಬಹುಬೇಗನೆ ನೇರವಾಗಿ ದೇಹವನ್ನು ಮೇಲಕ್ಕೆ ಚಿಮ್ಮಿಸುತ್ತವೆ. ನೆಲ ಬಿಟ್ಟ ಮೇಲೆ ಗಾಳಿಯಲ್ಲಿ ತಿರುಗುವ ಒಟ್ಟು ಸಂವೇಗವನ್ನು ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಮಂಡಿಗಳನ್ನು ಎದೆಗವಚಿದರೆ ತಿರುಗುವ ವೇಗ ಹೆಚ್ಚುತ್ತದೆ, ಕಾಲು ಚಾಚಿದರೆ ತಗ್ಗುತ್ತದೆ. ಇಳಿಯುವಾಗ ನೆಲದ ಪ್ರತಿಬಲ ದೇಹದ ತೂಕದ ಹಲವು ಪಟ್ಟಾಗಿರುತ್ತದೆ. ಕಣಕಾಲು, ಮಂಡಿ, ಸೊಂಟಗಳನ್ನು ಒಂದಾದಮೇಲೊಂದು ಬಗ್ಗಿಸಿ ನಿಲುಗಡೆಯ ಕಾಲವನ್ನು ಹೆಚ್ಚಿಸಿದಷ್ಟೂ ಈ ಬಲ ಕಡಿಮೆಯಾಗುತ್ತದೆ. ಜಿಮ್ನಾಸ್ಟಿಕ್ಸಿನಲ್ಲಿ ಕಣಕಾಲು ಮತ್ತು ಮಂಡಿಯ ಗಾಯಗಳು ಹೆಚ್ಚಾಗಿ ಸಂಭವಿಸುವುದು ಇಳಿಯುವ ಗಳಿಗೆಯಲ್ಲಿ.

ಹೀಗೆ ಕಾಲುಗಳನ್ನು ಮಡಚಿ ಚಲನೆಯನ್ನು ಹಗುರಗೊಳಿಸುವ ತತ್ತ್ವ ಎರಡಕ್ಕೂ ಸಮಾನ. ಆದರೆ ಲಾಗದಲ್ಲಿ ಚಿಮ್ಮುವ ಮತ್ತು ಇಳಿಯುವ ಹೊರೆ ಮುಖ್ಯವಾಗಿ ಕಾಲುಗಳ ಮೇಲೆ; ವಿನ್ಯಾಸದಲ್ಲಿ ಎತ್ತರಕ್ಕೆ ಹಾರುವುದಿಲ್ಲ, ಹೊರೆ ಮುಖ್ಯವಾಗಿ ಮಣಿಕಟ್ಟು ಮತ್ತು ಭುಜಗಳ ಮೇಲೆ. ಒಂದರ ಗುರಿ ಎತ್ತರ ಮತ್ತು ತಿರುವು. ಇನ್ನೊಂದರ ಗುರಿ ನಿಧಾನ ಮತ್ತು ಸ್ಥಿರತೆ.

ಮೂಲದ ಕುರಿತ ಚರ್ಚೆ

ವಿನ್ಯಾಸಕ್ರಮವನ್ನು ತಾವು ಗುರುಗಳಿಂದಲೂ ಯೋಗ ಕುರುಂಟ ಎಂಬ ಪ್ರಾಚೀನ ಗ್ರಂಥದಿಂದಲೂ ಪಡೆದುದಾಗಿ ಕೃಷ್ಣಮಾಚಾರ್ಯರು ಹೇಳಿದ್ದರೆಂದು ಶಿಷ್ಯರು ದಾಖಲಿಸಿದ್ದಾರೆ. ಈ ಗ್ರಂಥದ ಯಾವ ಪ್ರತಿಯೂ ಈವರೆಗೆ ದೊರೆತಿಲ್ಲ.

ಮೈಸೂರಿನಲ್ಲಿ ಬಹುಕಾಲ ಅಧ್ಯಯನ ಮಾಡಿದ ನಾರ್ಮನ್ ಶೋಮನ್ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಸ ವಾದವನ್ನು ಮುಂದಿಟ್ಟರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ವರ್ಣಚಿತ್ರಗಳಿವೆ. ಹಗ್ಗದ ಆಸನಗಳು, ಗರಡಿಯ ದಂಡ ಹೊಡೆಯುವುದನ್ನು ಹೋಲುವ ಚಲನೆಗಳು ಅದರಲ್ಲಿ ಸೇರಿವೆ. 1896ರಲ್ಲಿ ಪ್ರಕಟವಾದ ವ್ಯಾಯಾಮ ದೀಪಿಕೆ ಎಂಬ ಜಿಮ್ನಾಸ್ಟಿಕ್ಸ್ ಕೈಪಿಡಿಯೂ ಮೈಸೂರಿನಲ್ಲಿ ಬಳಕೆಯಲ್ಲಿತ್ತು. ಹಠಯೋಗದ ಭಂಗಿಗಳು, ಕುಸ್ತಿಪಟುಗಳ ಸಾಮು ಮತ್ತು ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್ ಈ ಮೂರೂ ಅರಮನೆಯ ವಾತಾವರಣದಲ್ಲಿ ಬೆರೆತು ಕೃಷ್ಣಮಾಚಾರ್ಯರ ಪದ್ಧತಿ ರೂಪುಗೊಂಡಿತು ಎಂಬುದು ಶೋಮನ್ ಅವರ ನಿಲುವು.

2010ರಲ್ಲಿ ಮಾರ್ಕ್ ಸಿಂಗಲ್ಟನ್ ಈ ವಾದವನ್ನು ವಿಸ್ತರಿಸಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಯಾನ್ ಮತ್ತು ಸ್ವೀಡನ್ನಿನ ಲಿಂಗ್ ಅವರು ರೂಪಿಸಿದ ಜಿಮ್ನಾಸ್ಟಿಕ್ಸ್ ಪದ್ಧತಿಗಳು ಸೈನ್ಯ ಮತ್ತು ಶಾಲೆಗಳ ಮೂಲಕ ಭಾರತಕ್ಕೆ ಬಂದಿದ್ದವು. 1920ರ ದಶಕದಲ್ಲಿ ಡೆನ್ಮಾರ್ಕಿನ ನೀಲ್ಸ್ ಬುಕ್ ಅವರ ಲಯಬದ್ಧ ವ್ಯಾಯಾಮಗಳೂ ಪ್ರಚಾರಕ್ಕೆ ಬಂದವು. ಅವುಗಳಲ್ಲಿ ಹಲವು ಇಂದಿನ ವಿನ್ಯಾಸ ಯೋಗದ ಭಂಗಿಗಳನ್ನು ನಿಕಟವಾಗಿ ಹೋಲುತ್ತವೆ. ನೇರವಾಗಿ ನಕಲು ಮಾಡಲಾಯಿತೆಂದು ಸಿಂಗಲ್ಟನ್ ಹೇಳುವುದಿಲ್ಲ. ಆ ಕಾಲದ ದೇಹಶಿಕ್ಷಣದ ಗಾಳಿ ಯೋಗಶಾಲೆಗೂ ಬೀಸಿತ್ತು ಎನ್ನುತ್ತಾರೆ. ನೆಗೆತದ ಶೈಲಿಯು ಚಟುವಟಿಕೆಯ ಬಾಲಕರಿಗಾಗಿ ಮಾಡಿದ ಏರ್ಪಾಡೆಂಬುದು ಅವರ ಮುಖ್ಯ ಅಭಿಪ್ರಾಯ.

ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಇದೆ. ಕಪಾಲಕುರಂಟಕನ ಹಠಾಭ್ಯಾಸಪದ್ಧತಿ ಎಂಬ ಸಂಸ್ಕೃತ ಹಸ್ತಪ್ರತಿಯಲ್ಲಿ 112 ಆಸನಗಳ ವಿವರಣೆ ದೊರೆತಿದೆ. ಸುಮಾರು ಹದಿನೆಂಟನೆಯ ಶತಮಾನದ್ದೆಂದು ಎಣಿಸಲಾದ ಈ ಕೃತಿಯ ಅನೇಕ ಆಸನಗಳು ಸ್ಥಿರ ಭಂಗಿಗಳಲ್ಲ, ಚಲನೆಗಳು. ಶ್ರೀತತ್ತ್ವನಿಧಿಯ ಆಸನಗಳಿಗೂ ಇದೇ ಆಧಾರವೆಂದು ಸಂಶೋಧಕರು ಗುರುತಿಸಿದ್ದಾರೆ. ಕುರಂಟಕ ಎಂಬ ಹೆಸರೇ ಕುರುಂಟ ಎಂದು ಉಳಿದುಬಂದಿರಬಹುದೆಂಬ ಊಹೆಯೂ ಇದೆ. ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್ ಬರುವ ಮೊದಲೇ ಭಾರತದಲ್ಲಿ ಚಲನಶೀಲ ಆಸನಗಳಿದ್ದವು ಎಂಬುದು ಇದರಿಂದ ತಿಳಿಯುತ್ತದೆ. ಗರಡಿಯ ದಂಡ ಮತ್ತು ಬಸ್ಕಿ, ಮಲ್ಲಕಂಬ, ದೊಂಬರ ಲಾಗಗಳಂಥ ದೇಹವಿದ್ಯೆಗಳೂ ನಮ್ಮ ನಾಡಿನಲ್ಲಿ ಮೊದಲಿನಿಂದ ಬಂದವುಗಳೇ. ಆದರೆ ಉಸಿರಿನ ಎಣಿಕೆಯೊಂದಿಗೆ ಸರಪಳಿಯಂತೆ ಬೆಸೆದ ಇಂದಿನ ವಿನ್ಯಾಸಕ್ರಮವನ್ನೇ ಹೇಳುವ ಹಳೆಯ ಗ್ರಂಥ ಕಂಡುಬಂದಿಲ್ಲ.

ಶಿಷ್ಯರು

ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಪ್ರತಿಯೊಬ್ಬರೂ ಗುರುಗಳ ಬೇರೆ ಬೇರೆ ಕಾಲದ ಬೋಧನೆಯನ್ನು ಮುಂದುವರಿಸಿದರು.

ಕೆ. ಪಟ್ಟಾಭಿ ಜೋಯಿಸ್ (1915–2009) ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಬೋಧಿಸಿ, 1948ರಲ್ಲಿ ಅಷ್ಟಾಂಗ ಯೋಗ ನಿಲಯವನ್ನು ಸ್ಥಾಪಿಸಿದರು. ಯೋಗಶಾಲೆಯ ನೆಗೆತಗಳು ಎಣಿಕೆಸಹಿತ ಉಳಿದುಬಂದಿರುವುದು ಮುಖ್ಯವಾಗಿ ಇವರ ಪದ್ಧತಿಯಲ್ಲಿ.

ಬಿ. ಕೆ. ಎಸ್. ಅಯ್ಯಂಗಾರ್ (1918–2014) ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1937ರಲ್ಲಿ ಗುರುಗಳ ಆದೇಶದಂತೆ ಪುಣೆಗೆ ಹೋದರು. ಇವರು ಕ್ರಮೇಣ ನೆಗೆತಕ್ಕಿಂತ ಭಂಗಿಯ ನಿಖರತೆಗೆ ಹೆಚ್ಚು ಒತ್ತುಕೊಟ್ಟರು. ಮಂಡಿಚಿಪ್ಪು, ಹಿಮ್ಮಡಿ, ತೊಡೆಗಳ ಸ್ಥಾನವನ್ನು ಸೂಕ್ಷ್ಮವಾಗಿ ತಿದ್ದುವುದು, ಪಟ್ಟಿ, ಹಗ್ಗ, ಮರದ ಇಟ್ಟಿಗೆಗಳ ನೆರವು ನೀಡುವುದು ಇವರ ಪದ್ಧತಿಯ ವೈಶಿಷ್ಟ್ಯ.

ಇಂದ್ರಾದೇವಿ (1899–2002) ರಷ್ಯನ್ ಸಾಮ್ರಾಜ್ಯದಲ್ಲಿದ್ದ ರೀಗಾ ನಗರದಲ್ಲಿ ಹುಟ್ಟಿದವರು. ಸ್ತ್ರೀಯೂ ವಿದೇಶೀಯರೂ ಆದ ಕಾರಣ ಮೊದಲು ಕಲಿಸಲು ಒಪ್ಪದ ಕೃಷ್ಣಮಾಚಾರ್ಯರು ಮಹಾರಾಜರ ಮಾತಿಗೆ ಒಪ್ಪಿದರು. ಬಾಲಕರಿಗೆ ಕಲಿಸುತ್ತಿದ್ದ ಕಠಿಣ ನೆಗೆತಗಳ ಬದಲು ಇವರಿಗೆ ಮೃದುವಾದ ಕ್ರಮವನ್ನು ಹೇಳಿಕೊಟ್ಟರು. ಇಂದ್ರಾದೇವಿಯವರು ಮುಂದೆ ಶಾಂಘಾಯ್‌ನಲ್ಲಿಯೂ 1947ರಿಂದ ಅಮೆರಿಕದ ಹಾಲಿವುಡ್‌ನಲ್ಲಿಯೂ ಯೋಗ ಬೋಧಿಸಿದರು.

ಟಿ. ಕೆ. ವಿ. ದೇಶಿಕಾಚಾರ್ (1938–2016) ಕೃಷ್ಣಮಾಚಾರ್ಯರ ಪುತ್ರರು. ಎಂಜಿನಿಯರಿಂಗ್ ಓದಿದ್ದ ಇವರು ಆ ವೃತ್ತಿಯನ್ನು ಬಿಟ್ಟು 1960ರ ದಶಕದಲ್ಲಿ ತಂದೆಯವರ ಶಿಷ್ಯರಾದರು. 1976ರಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ಶ್ರೀವತ್ಸ ರಾಮಸ್ವಾಮಿ ಮತ್ತು ಎ. ಜಿ. ಮೋಹನ್ ಮದರಾಸಿನ ಕಾಲದ ಇತರ ಪ್ರಮುಖ ಶಿಷ್ಯರು.

ಯೋಗಶಾಲೆಯ ಮುಕ್ತಾಯ ಮತ್ತು ಮದರಾಸಿನ ಜೀವನ

1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ನಂತರ ಯೋಗಶಾಲೆಗೆ ಹಿಂದಿನಷ್ಟು ಆಶ್ರಯ ದೊರೆಯಲಿಲ್ಲ. ಸ್ವಾತಂತ್ರ್ಯಾನಂತರ ಸಂಸ್ಥಾನದ ಆಡಳಿತ ಜನಪ್ರತಿನಿಧಿಗಳ ಸರ್ಕಾರಕ್ಕೆ ಸೇರಿದ ಮೇಲೆ ಅನುದಾನವೂ ನಿಂತು, 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ್ದ ಕೃಷ್ಣಮಾಚಾರ್ಯರು ಮತ್ತೊಮ್ಮೆ ಜೀವನೋಪಾಯ ಹುಡುಕಬೇಕಾಯಿತು. ಕೆಲಕಾಲ ಬೆಂಗಳೂರಿನಲ್ಲಿದ್ದು 1952ರಲ್ಲಿ ಮದರಾಸಿಗೆ ತೆರಳಿದರು. ಅಲ್ಲಿನ ವಿವೇಕಾನಂದ ಕಾಲೇಜಿನಲ್ಲಿ ಯೋಗ ಬೋಧಿಸಿದರು. ಮನೆಗೆ ಬರುವವರಿಗೆ ಯೋಗ ಮತ್ತು ಆಯುರ್ವೇದದ ಚಿಕಿತ್ಸೆ ನೀಡತೊಡಗಿದರು.

ಮದರಾಸಿನಲ್ಲಿ ಇವರ ಬೋಧನೆಯ ರೀತಿ ಬದಲಾಯಿತು. ಎದುರಿಗೆ ಬರುತ್ತಿದ್ದವರು ಈಗ ಅರಮನೆಯ ಬಾಲಕರಲ್ಲ. ನಡುವಯಸ್ಸಿನವರು, ರೋಗಿಗಳು, ಗರ್ಭಿಣಿಯರು, ವೃದ್ಧರು. ಇಂಥವರಿಗೆ ಗುಂಪಿನಲ್ಲಿ ಕಲಿಸದೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ನಾಡಿ ನೋಡಿ, ಅವರವರಿಗೆ ತಕ್ಕ ಆಸನ ಪ್ರಾಣಾಯಾಮಗಳನ್ನು ಗೊತ್ತುಪಡಿಸುತ್ತಿದ್ದರು. ನೆಗೆತಗಳು ಹಿಂದಕ್ಕೆ ಸರಿದವು. ಉಸಿರಾಟ ಮುಂದೆ ಬಂದಿತು. ಮುಂದೆ ಬಾಗುವ ಆಸನಗಳಲ್ಲಿ ಅಗತ್ಯವಿದ್ದವರು ಮಂಡಿಗಳನ್ನು ಸ್ವಲ್ಪ ಬಗ್ಗಿಸಿಕೊಳ್ಳಬಹುದಾಗಿತ್ತು. ಇದರಿಂದ ತೊಡೆಯ ಹಿಂಭಾಗದ ಸ್ನಾಯುಗಳ ಎಳೆತ ತಗ್ಗಿ, ಬೆನ್ನಿನ ಕೆಳಭಾಗಕ್ಕೆ ಆಯಾಸವಾಗುವುದಿಲ್ಲ. ಹನುಮಾನಾಸನದ ಪ್ರಸಂಗದಲ್ಲಿ ಕಂಡ ಗುರುವಿಗೂ ಮದರಾಸಿನ ಗುರುವಿಗೂ ಇರುವ ಅಂತರ ಇಲ್ಲಿ ಗೋಚರವಾಗುತ್ತದೆ. ವಿನ್ಯಾಸವೆಂಬ ಪದವನ್ನು ಇವರು ಕೈಬಿಡಲಿಲ್ಲ. ಆದರೆ ಅದರ ಅರ್ಥ ಎಣಿಕೆಯ ನೆಗೆತವೆಂಬುದಕ್ಕಿಂತ, ವ್ಯಕ್ತಿಯನ್ನು ಅವನಿರುವ ಸ್ಥಿತಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮುಂದೊಯ್ಯುವ ಕ್ರಮವೆಂದು ವಿಶಾಲವಾಯಿತು.

ಇಂದು ಜಗತ್ತಿನ ಹಲವೆಡೆ ವಯಸ್ಕರಿಗೆ ಕಲಿಸಲಾಗುವ ವೇಗದ ವಿನ್ಯಾಸ ತರಗತಿಗಳು 1930ರ ದಶಕದ ಮೈಸೂರಿನ ಕ್ರಮದಿಂದ ಕವಲೊಡೆದವು. ಆ ಕ್ರಮವನ್ನು ರೂಪಿಸಿದವರೇ ಬೇರೆ ವಯಸ್ಸಿನವರಿಗೆ ಅದನ್ನು ಬದಲಾಯಿಸಿ ಕಲಿಸಿದರೆಂಬ ಸಂಗತಿ ಅಭ್ಯಾಸಿಗಳು ಗಮನಿಸಬೇಕಾದದ್ದು. ಮಂಡಿ, ಸೊಂಟ, ಮಣಿಕಟ್ಟುಗಳಲ್ಲಿ ನೋವಿರುವವರು ಬಾಲಕರಿಗೆಂದು ರೂಪುಗೊಂಡ ನೆಗೆತಗಳನ್ನು ಹಠದಿಂದ ಮಾಡುವುದಕ್ಕೆ ಕೃಷ್ಣಮಾಚಾರ್ಯರ ನಂತರದ ಬೋಧನೆಯಲ್ಲಿ ಆಧಾರವಿಲ್ಲ.

ಕೃತಿಗಳು

ಯೋಗ ಮಕರಂದ (1934): ಮೈಸೂರಿನಲ್ಲಿ ಕನ್ನಡದಲ್ಲಿ ಪ್ರಕಟವಾದ ಕೃತಿ. ಸುಮಾರು ನಲವತ್ತು ಆಸನಗಳ ವಿವರಣೆ, ವಿನ್ಯಾಸಗಳ ಎಣಿಕೆ ಹಾಗೂ ಛಾಯಾಚಿತ್ರಗಳನ್ನು ಒಳಗೊಂಡಿದೆ. ಇದರ ತಮಿಳು ಅನುವಾದ 1938ರಲ್ಲಿ ಹೊರಬಂದಿತು.

ಯೋಗಾಸನಗಳು (1941): ಇದೂ ಕನ್ನಡದ ಕೃತಿಯೇ. ಆಸನಗಳನ್ನು ಸಾಧಕರ ಮಟ್ಟಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿ, ವಿನ್ಯಾಸಗಳ ಸಂಖ್ಯೆಯನ್ನು ಪಟ್ಟಿಗಳಲ್ಲಿ ಕೊಡಲಾಗಿದೆ.

ಯೋಗ ರಹಸ್ಯ: ಸಂಸ್ಕೃತ ಶ್ಲೋಕರೂಪದ ಕೃತಿ. ಇದು ವೈಷ್ಣವಾಚಾರ್ಯರಾದ ನಾಥಮುನಿಗಳಿಂದ ತಮಗೆ ಧ್ಯಾನಾವಸ್ಥೆಯಲ್ಲಿ ಲಭಿಸಿತೆಂದು ಕೃಷ್ಣಮಾಚಾರ್ಯರು ಹೇಳುತ್ತಿದ್ದರು. ಸ್ತ್ರೀಯರ ಯೋಗಾಭ್ಯಾಸಕ್ಕೆ ಇದರಲ್ಲಿ ಮಹತ್ತ್ವ ನೀಡಲಾಗಿದೆ.

ಯೋಗವಲ್ಲಿ: ಪತಂಜಲಿಯ ಯೋಗಸೂತ್ರಗಳ ಮೇಲಿನ ವ್ಯಾಖ್ಯಾನ.

ಜಾಗತಿಕ ಯೋಗದ ಇತಿಹಾಸದಲ್ಲಿ ಬಹಳ ಚರ್ಚೆಗೊಳಗಾದ ಮೊದಲ ಎರಡು ಪುಸ್ತಕಗಳು ಕನ್ನಡದಲ್ಲಿ ರಚಿತವಾದವು ಎಂಬುದು ಕನ್ನಡಿಗರು ನೆನಪಿಡಬೇಕಾದ ವಿಷಯ.

ಕೊನೆಯ ವರ್ಷಗಳು ಮತ್ತು ನಿಧನ

ಕೃಷ್ಣಮಾಚಾರ್ಯರು ಇಳಿವಯಸ್ಸಿನಲ್ಲಿಯೂ ಪಾಠ, ಜಪ, ಪ್ರಾಣಾಯಾಮಗಳನ್ನು ತಪ್ಪಿಸಲಿಲ್ಲ. ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಇಂಥ ಪೆಟ್ಟು ಬಿದ್ದವರು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಇವರು ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಾಡಬಹುದಾದ ಅಭ್ಯಾಸಕ್ರಮವನ್ನು ತಮಗಾಗಿ ರೂಪಿಸಿಕೊಂಡರು. ಒಮ್ಮೆ ಹಾಸನದ ಸಭಿಕರನ್ನು ನೆಗೆತಗಳಿಂದ ಬೆರಗುಗೊಳಿಸಿದ್ದವರು ಈಗ ಕಾಲನ್ನು ಸ್ವಲ್ಪ ಸ್ವಲ್ಪವೇ ಅಲುಗಿಸುವುದರಲ್ಲಿ ಅದೇ ಶ್ರದ್ಧೆಯನ್ನು ತೋರಿಸಿದರು. ಇತರರಿಗೆ ಹೇಳುತ್ತಿದ್ದ ನಿಯಮವನ್ನು, ಅಂದರೆ ಇರುವ ದೇಹಸ್ಥಿತಿಗೆ ಒಗ್ಗುವಂತೆ ಯೋಗವನ್ನು ಹೊಂದಿಸಿಕೊಳ್ಳಬೇಕೆಂಬುದನ್ನು, ಇವರು ತಮಗೂ ಅನ್ವಯಿಸಿಕೊಂಡರು.

1988ರಲ್ಲಿ ಇವರ ಜನ್ಮಶತಮಾನೋತ್ಸವವನ್ನು ಶಿಷ್ಯರು ಆಚರಿಸಿದರು. 1989ರ ಫೆಬ್ರವರಿ 28ರಂದು, ನೂರು ವರ್ಷ ತುಂಬಿದ ಬಳಿಕ, ಕೃಷ್ಣಮಾಚಾರ್ಯರು ಮದರಾಸಿನಲ್ಲಿ ನಿಧನರಾದರು.